ಶೋಕಿಯ ಬೇಟೆ

ಮುಂದಿನ ವಾರ ಯಾವ ಹಾಡಿನ ತುಣುಕು ಎಲ್ಲರ ಫೋನಿನಲ್ಲಿ ಕೇಳಿಬರಲಿದೆ, ಯಾವ ಕುಣಿತ ಹಬ್ಬಲಿದೆ, ಯಾವ ಬಗೆಯ ಕ್ಷೌರ, ಯಾವ ಚಪ್ಪಲಿ, ಯಾವ ಗೊಂಬೆ ಪೇಟೆಗೆ ಬರಲಿದೆ ಎಂಬುದನ್ನು ಇತರರಿಗಿಂತ ಮುಂಚಿತವಾಗಿ ಕಂಡುಹಿಡಿದು ಸಾರುವುದು ಹದಿಹರೆಯದ ಮಕ್ಕಳಲ್ಲಿ ಒಂದು ದೊಡ್ಡ ಪಂದ್ಯವಾಗಿ ಪರಿಣಮಿಸಿದೆ. ಈ ಪಂದ್ಯ ನಡೆಯುವುದು ಇಂಟರ್‌ನೆಟ್‌ನಲ್ಲಿ. ಹೊಸ ಹಾಡೊಂದರ ಕೆಳಗೆ, ಇದು ಹಬ್ಬುವ ಮೊದಲೇ ತಾನಿಲ್ಲಿದ್ದೆ ಎಂಬರ್ಥದ ಮಾತೊಂದನ್ನು ಬರೆದು, ದಿನಾಂಕವನ್ನೇ ಸಾಕ್ಷಿಯಾಗಿರಿಸಿ ಹೋಗುವ ಮಕ್ಕಳು ಅಸಂಖ್ಯ. ಇನ್‌ಸ್ಟಾಗ್ರಾಂ ರೀಲುಗಳಲ್ಲಿ ಹಾಡಿನ ಹೆಸರಿನ ಬಳಿ ಮೇಲ್ಮುಖವಾದ ಸಣ್ಣ ಬಾಣದ ಗುರುತು ಕಂಡರೆ ಆ ಹಾಡು ಏರುತ್ತಿದೆ ಎಂದರ್ಥ. ಆದರೆ ಬಾಣ ಮೂಡಿದ ಮೇಲೆ ಹಾಡನ್ನು ಹಿಡಿದವನಿಗೆ ಗೆಳೆಯರ ನಡುವೆ ಅಂಥ ಮರ್ಯಾದೆಯೇನೂ ಇಲ್ಲ. ಮೂಡುವ ಮೊದಲೇ ಹಿಡಿದವನು ಜಾಣ.

ನಮ್ಮ ಜಿಲ್ಲೆಯ ಕನ್ನಡ ಮನೆಗಳಿಗೆ ಇದು ದೂರದ ಸಂಗತಿಯಲ್ಲ. 2020ರ ಜೂನ್ 1ರಂದು ಕೇರಳದ ಶಾಲೆಗಳ 'ಫಸ್ಟ್ ಬೆಲ್' ಪಾಠಗಳು ಆರಂಭವಾದಾಗ, ಅಡಿಕೆ ಮಾರಿದ ಹಣದಿಂದಲೋ ಬೀಡಿ ಕಟ್ಟಿದ ಹಣದಿಂದಲೋ ಸಾಲದಿಂದಲೋ ಎಷ್ಟೋ ಮನೆಗಳಿಗೆ ಮೊದಲ ಬಾರಿಗೆ ಅಂಥ ಫೋನು ಬಂತು. ಪಾಠ ತರಗತಿಗೆ ಮರಳಿತು. ಫೋನು ಮನೆಯಲ್ಲೇ ಉಳಿಯಿತು. ಇಂದು ಒಂಬತ್ತನೆಯ ತರಗತಿಯ ಮಕ್ಕಳನ್ನು ಕೇಳಿದರೆ ಬರುವ ವಾರದ ಹಾಡು ಯಾವುದೆಂದು ತಡೆಯಿಲ್ಲದೆ ಹೇಳುತ್ತಾರೆ. ಅದನ್ನು ಹಾಡಿದವರು ಯಾರು, ಬರೆದವರು ಯಾರು, ಉಳಿದ ಭಾಗ ಹೇಗಿದೆ ಎಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಅವರಿಗೆ ಬೇಕಾದದ್ದು ಹದಿನೈದು ಸೆಕೆಂಡು ಮಾತ್ರ.

ಹೆತ್ತವರಲ್ಲಿ ಕೆಲವರು ಸಿಟ್ಟುಗೊಂಡು ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಹೆಚ್ಚಿನವರು, ಪ್ರಾಯದ ಹುಚ್ಚು, ತಾನಾಗಿ ಇಳಿಯುತ್ತದೆ ಎಂದು ನಕ್ಕು ಸುಮ್ಮನಾಗುತ್ತಾರೆ. ಹಿಂದೆ ಹೊಸ ಸಿನಿಮಾದ ಹಾಡಿನ ಪುಸ್ತಕವನ್ನು ಎಲ್ಲರಿಗಿಂತ ಮೊದಲು ತಂದು ತೋರಿಸಿದವನೂ, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮುಂದೆ ದೊಡ್ಡ ವೇಷಧಾರಿಯಾಗುತ್ತಾನೆಂದು ಬಯಲಾಟದಿಂದ ಮರಳುವ ದಾರಿಯಲ್ಲೇ ಪಂಥ ಕಟ್ಟಿದವನೂ ಇದ್ದರಲ್ಲವೇ ಎಂದು ಕೇಳುವವರಿದ್ದಾರೆ. ಇದ್ದರು, ಸರಿಯೆ. ಆದರೆ ಆ ಹುಡುಗನ ಮಾತನ್ನು ಬರೆದಿಟ್ಟುಕೊಂಡು ಮಾರಿ ಹಣ ಮಾಡಿಕೊಳ್ಳುವವರು ಯಾರೂ ಆಗ ಇರಲಿಲ್ಲ. ಈ ಒಂದು ವ್ಯತ್ಯಾಸವನ್ನು ವಾಚಕರ ಗಮನಕ್ಕೆ ತರುವುದೇ ನಮ್ಮ ಇಂದಿನ ಉದ್ದೇಶ. ಅದಕ್ಕಾಗಿ ಈ ಬೇಟೆಯ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಹೊಸತನ್ನು ಮೊದಲು ಹಿಡಿಯುವವರು ಯಾರು, ಅವರನ್ನು ನೋಡಿ ಅನುಸರಿಸುವವರು ಯಾರು ಎಂಬ ವಿಷಯದಲ್ಲಿ ಹೆಸರಾದ ಮೊದಲ ಅಧ್ಯಯನಗಳಲ್ಲೊಂದು ನಡೆದದ್ದು ಶೋಕಿಯ ಪೇಟೆಯಲ್ಲಲ್ಲ, ಹೊಲದಲ್ಲಿ. ಅಮೆರಿಕದ ಅಯೋವಾ ರಾಜ್ಯದಲ್ಲಿ 1928ರ ಸುಮಾರಿಗೆ ಹೈಬ್ರಿಡ್ ಮೆಕ್ಕೆಜೋಳದ ಬೀಜ ರೈತರಿಗೆ ದೊರೆಯತೊಡಗಿತು. ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 259 ಮಂದಿ ರೈತರನ್ನು ವಿಚಾರಿಸಿ 1943ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಮೊದಮೊದಲು ಬಿತ್ತಿದವರು ಬೆರಳೆಣಿಕೆಯವರು, ನಗರಕ್ಕೆ ಹೆಚ್ಚು ಹೋಗಿಬರುತ್ತಿದ್ದವರು. ಉಳಿದವರು ನೆರೆಯವರ ಹೊಲ ನೋಡಿ ಬಿತ್ತಿದರು. 1941ರ ಹೊತ್ತಿಗೆ ಇಬ್ಬರ ಹೊರತು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಎವರೆಟ್ ರೋಜರ್ಸ್ 1962ರಲ್ಲಿ ಇಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪುಸ್ತಕ ಬರೆದು, ಹೊಸತನ್ನು ಮೊದಲು ತರುವವರು, ಬೇಗ ಹಿಡಿಯುವವರು, ಹಿಂದುಳಿಯುವವರು ಎಂದು ಜನರನ್ನು ವಿಂಗಡಿಸಿದರು.

ನಮ್ಮ ಕೃಷಿಕರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. 1972ರಲ್ಲಿ 'ಮಂಗಳ' ಅಡಿಕೆ ತಳಿ ಬಿಡುಗಡೆಯಾದ ಮೇಲೂ ಮೊದಲು ನೆಟ್ಟವರು ಕೆಲವರು. ಅವರ ತೋಟಕ್ಕೆ ಹೋಗಿ, ಗೊನೆ ಎಣಿಸಿ, ಮನೆಗೆ ಬಂದು ಯೋಚಿಸಿ ನೆಟ್ಟವರು ಹಲವರು. ಆದರೆ ಬೀಜದ ವಿಷಯದಲ್ಲಿ ಒಂದು ಅನುಕೂಲವಿದೆ. ಮೊದಲು ನೆಟ್ಟವನು ಬುದ್ಧಿವಂತನೋ ಅವಸರಗೇಡಿಯೋ ಎಂಬುದನ್ನು ಮರವೇ ಹೇಳುತ್ತದೆ. ಚಪ್ಪಲಿಗೂ ಗೊಂಬೆಗೂ ಅಂಥ ಫಸಲಿಲ್ಲ. ಹತ್ತು ಮಂದಿ ಹಾಕಿಕೊಂಡರೆ ಅದು ಒಳ್ಳೆಯದು. ನೂರು ಮಂದಿ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಎಲ್ಲರೂ ಹಾಕಿಕೊಂಡ ದಿನ ಅದು ಹಳತು.

ಹೊಲದಲ್ಲಿ ಕಂಡುಕೊಂಡ ಈ ಶಾಸ್ತ್ರವನ್ನು ವ್ಯಾಪಾರಿಗಳು ಬಹಳ ಬೇಗ ತಮ್ಮದಾಗಿಸಿಕೊಂಡರು. ಅದರ ಪ್ರಯೋಜನ ಅವರಿಗೆ ಚೆನ್ನಾಗಿ ಮನವರಿಕೆಯಾದ ಪ್ರಸಂಗಗಳಲ್ಲಿ 'ಹಷ್ ಪಪ್ಪೀಸ್' ಬೂಟಿನ ಕಥೆ ಪ್ರಸಿದ್ಧ. ಹಳೆಯ ಕಾಲದ ಮೆತ್ತನೆಯ ತೊಗಲಿನ ಈ ಬೂಟುಗಳ ಮಾರಾಟ 1994ರ ವೇಳೆಗೆ ವರ್ಷಕ್ಕೆ ಸುಮಾರು 30,000 ಜೊತೆಗೆ ಇಳಿದು, ಕಂಪೆನಿಯವರು ಅದರ ತಯಾರಿಕೆಯನ್ನೇ ಕೈಬಿಡುವ ಯೋಚನೆಯಲ್ಲಿದ್ದರು. ಆಗ ನ್ಯೂಯಾರ್ಕಿನ ಕೆಲವು ಯುವಕರು, ಬೇರಾರೂ ಹಾಕುವುದಿಲ್ಲ ಎಂಬ ಒಂದೇ ಕಾರಣಕ್ಕೆ, ಹಳೆಯ ಅಂಗಡಿಗಳಿಂದ ಅವನ್ನು ಹುಡುಕಿ ತಂದು ಹಾಕತೊಡಗಿದರು. 1995ರಲ್ಲಿ 4,30,000 ಜೊತೆ ಮಾರಾಟವಾಯಿತು. ಕಂಪೆನಿ ಇದಕ್ಕಾಗಿ ಮಾಡಿದ್ದೇನೂ ಇಲ್ಲ. ಹಾಗಿದ್ದರೆ ಆ ಕೆಲವು ಯುವಕರು ಎಲ್ಲಿದ್ದಾರೆ, ನಾಳೆ ಏನು ಹಾಕಿಕೊಳ್ಳುತ್ತಾರೆ ಎಂದು ಮೊದಲೇ ತಿಳಿದರೆ ಎಷ್ಟು ಲಾಭ! ಇದನ್ನೇ ಉದ್ಯೋಗವಾಗಿ ಮಾಡಿಕೊಂಡವರು ಆ ದಿನಗಳಲ್ಲಿ ಹುಟ್ಟಿಕೊಂಡರು. ಮ್ಯಾಲ್ಕಂ ಗ್ಲ್ಯಾಡ್‌ವೆಲ್ ಎಂಬ ಲೇಖಕರು 1997ರ ಮಾರ್ಚಿಯಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಇವರ ಬಗ್ಗೆ 'ಕೂಲ್‌ಹಂಟ್' ಎಂಬ ಲೇಖನ ಬರೆದರು. ಹೊಸ ಶೋಕಿಯನ್ನು ಯಾರೂ ತಯಾರಿಸಲಾರರು, ಕಾಣಬಹುದಷ್ಟೆ. ಕಾಣುವವರೂ ಆ ಗುಂಪಿನವರೇ ಆಗಿರಬೇಕು. ಕಂಡು ಸಾರಿದೊಡನೆ ಅದು ಅಲ್ಲಿಂದ ಜಾಗ ಖಾಲಿ ಮಾಡುತ್ತದೆ ಎಂಬುದು ಅವರು ಹೇಳಿದ ಮಾತಿನ ಸಾರಾಂಶ. ಮೂರನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಬೇಟೆ ಎಂದೂ ಮುಗಿಯದಿರುವುದಕ್ಕೆ ಅದೇ ಕಾರಣ.

2001ರ ಫೆಬ್ರವರಿಯಲ್ಲಿ ಅಮೆರಿಕದ ಪಿಬಿಎಸ್ ಟೆಲಿವಿಷನ್ 'ಮರ್ಚೆಂಟ್ಸ್ ಆಫ್ ಕೂಲ್' ಎಂಬ ಚಿತ್ರವನ್ನು ಪ್ರಸಾರ ಮಾಡಿತು. ಅದರಲ್ಲಿ ಕಾಣಿಸಿಕೊಂಡ 'ಲುಕ್-ಲುಕ್' ಎಂಬ ಸಂಸ್ಥೆ ಹದಿಹರೆಯದವರ ನಡುವಿನಿಂದಲೇ ವರದಿಗಾರರನ್ನು ಆರಿಸಿ, ಅವರು ಕಳುಹಿಸಿದ ಚಿತ್ರಗಳನ್ನೂ ಸುದ್ದಿಗಳನ್ನೂ ತನ್ನ ಇಂಟರ್‌ನೆಟ್ ತಾಣದಲ್ಲಿರಿಸಿ, ಅದನ್ನು ನೋಡಲು ಕಂಪೆನಿಗಳಿಂದ 20 ಸಾವಿರ ಡಾಲರಿನ ಆಸುಪಾಸಿನ ಚಂದಾ ಪಡೆಯುತ್ತಿತ್ತು. ಅದೇ ವರ್ಷ ಸೋಪು, ಶಾಂಪೂಗಳ ದೊಡ್ಡ ಕಂಪೆನಿಯಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ 'ಟ್ರೆಮರ್' ಎಂಬ ಯೋಜನೆಯನ್ನು ಆರಂಭಿಸಿತು. ಗೆಳೆಯರ ಬಳಗ ದೊಡ್ಡದಿರುವ, ಮಾತುಗಾರರಾದ ಮಕ್ಕಳನ್ನು ಹುಡುಕಿ ಸೇರಿಸುವುದು ಅದರ ಕ್ರಮ. ಕೆಲವೇ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಸೇರಿದರು. ಅವರಿಗೆ ಸಂಬಳವಿರಲಿಲ್ಲ. ಮಾದರಿ ವಸ್ತುಗಳು, ರಿಯಾಯಿತಿ ಚೀಟಿಗಳು, ಮತ್ತು ಎಲ್ಲಕ್ಕಿಂತ ರುಚಿಯಾದದ್ದು, ಇತರರಿಗೆ ತಿಳಿಯುವ ಮೊದಲೇ ತಮಗೆ ತಿಳಿಯಿತೆಂಬ ಸಂತೋಷ. ಇಷ್ಟೇ ಕೂಲಿ. ತಾವು ಕಂಪೆನಿಯ ಕಡೆಯವರೆಂದು ಗೆಳೆಯರಿಗೆ ಹೇಳಬೇಕೆಂಬ ಕಟ್ಟುನಿಟ್ಟೂ ಇರಲಿಲ್ಲ. ಈ ಬಗ್ಗೆ 2005ರಲ್ಲಿ ದೂರು ಹೋಗಿ, ಇಂತಹ ಸಂಬಂಧವನ್ನು ಬಹಿರಂಗಪಡಿಸದಿರುವುದು ಜನರನ್ನು ವಂಚಿಸಿದಂತಾಗಬಹುದೆಂದು ಅಲ್ಲಿನ ವ್ಯಾಪಾರ ಆಯೋಗದ ಅಧಿಕಾರಿಗಳು 2006ರ ಡಿಸೆಂಬರಿನಲ್ಲಿ ಅಭಿಪ್ರಾಯಪಟ್ಟರು. ನಮ್ಮ ದೇಶದಲ್ಲಿ, ಉಚಿತವಾಗಿ ಪಡೆದ ವಸ್ತುವನ್ನು ಹೊಗಳುವಾಗಲೂ ಆ ಸಂಬಂಧವನ್ನು ಸ್ಪಷ್ಟವಾಗಿ ಹೇಳತಕ್ಕದ್ದೆಂಬ ಸೂಚನೆಯನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ್ದು 2023ರ ಜನವರಿಯಲ್ಲಿ.

ಈಗಿನ ಸ್ಥಿತಿ ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಕ್ಕಳನ್ನು ಆರಿಸುವ ಕಷ್ಟವೂ ಇಲ್ಲ, ಮಾದರಿ ಕಳುಹಿಸುವ ಖರ್ಚೂ ಇಲ್ಲ. ರೀಲು ನೋಡುತ್ತಿರುವ ಹುಡುಗ ಎಲ್ಲಿ ಬೆರಳು ನಿಲ್ಲಿಸಿದ, ಯಾವುದನ್ನು ಎರಡನೆಯ ಬಾರಿ ನೋಡಿದ, ಯಾರಿಗೆ ಕಳುಹಿಸಿದ ಎಂಬುದೆಲ್ಲ ತಾನಾಗಿ ಲೆಕ್ಕಕ್ಕೆ ಸೇರುತ್ತದೆ. ಮೊದಲಿಗನಾಗಬೇಕೆಂಬ ಹಟದಿಂದ ರಾತ್ರಿ ಹನ್ನೊಂದರವರೆಗೆ ಹುಡುಕುವವನು ಬೇಟೆಗಾರನೂ ಹೌದು, ಬೇಟೆಯೂ ಹೌದು. ಬಿಟ್ಟಿಯಾಗಿ ಮಾಡುವ ಈ ದುಡಿಮೆಗೆ ಆಟವೆಂಬ ಹೆಸರಿದೆ, ಅಷ್ಟೆ.

ಕಂಡವನ ಪಾಡು ಇದಾದರೆ ಕಟ್ಟಿದವನ ಪಾಡೇನು? ಅಮೆರಿಕದ ಅಟ್ಲಾಂಟಾ ನಗರದ ಹೊರವಲಯದಲ್ಲಿ ಜಲಾಯಾ ಹಾರ್ಮನ್ ಎಂಬ 14 ವರ್ಷದ ಬಾಲಕಿ 2019ರ ಸೆಪ್ಟೆಂಬರಿನಲ್ಲಿ ಒಂದು ಕುಣಿತವನ್ನು ರಚಿಸಿ ಇನ್‌ಸ್ಟಾಗ್ರಾಂಗೆ ಏರಿಸಿದಳು. 'ರೆನೆಗೇಡ್' ಎಂಬ ಹೆಸರಿನ ಆ ಕುಣಿತ ಟಿಕ್‌ಟಾಕ್‌ಗೆ ಹಾರಿ ಜಗತ್ತನ್ನೆಲ್ಲ ಸುತ್ತಿತು. ಕುಣಿದವರಿಗೆ ಕೋಟಿಗಟ್ಟಲೆ ಅಭಿಮಾನಿಗಳಾದರು. ಕಟ್ಟಿದವಳ ಹೆಸರು ಯಾರಿಗೂ ತಿಳಿದಿರಲಿಲ್ಲ. 2020ರ ಫೆಬ್ರವರಿಯಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಅವಳನ್ನು ಹುಡುಕಿ ಬರೆದ ಮೇಲೆ ಅವಳಿಗೆ ಮನ್ನಣೆ ದೊರೆಯಿತು. ಆ ವೇಳೆಗೆ ಪಂದ್ಯದಲ್ಲಿದ್ದ ಮಕ್ಕಳು ಬೇರೆ ಕುಣಿತಕ್ಕೆ ಹೋಗಿಯಾಗಿತ್ತು.

ತನ್ನ ಮಗನಿಗೆ ಈ ವಿಷಯದಲ್ಲಿ ವಿಶೇಷ ಚುರುಕಿದೆ, ಅವನು ಹೇಳಿದ ಹಾಡೇ ಮೇಲೆ ಬರುತ್ತದೆ ಎಂದು ಹೆಮ್ಮೆಪಡುವ ತಂದೆಯರೂ ಇದ್ದಾರೆ. ಅವರು ಒಂದು ಪ್ರಯೋಗದ ವಿಚಾರವನ್ನು ತಿಳಿದುಕೊಳ್ಳುವುದು ಒಳಿತು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ವಿದ್ವಾಂಸರು ಇದನ್ನು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾಗವಹಿಸಿದವರು 14,341 ಮಂದಿ. ಬಹುಪಾಲು ಜನ ಹದಿಹರೆಯದವರ ಇಂಟರ್‌ನೆಟ್ ತಾಣವೊಂದರ ಮೂಲಕ ಬಂದವರು. ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಅವರ ಮುಂದಿಡಲಾಯಿತು. ಒಂದು ಗುಂಪಿನವರಿಗೆ ಇತರರು ಏನನ್ನು ಆರಿಸಿದರೆಂದು ಗೊತ್ತಾಗುತ್ತಿರಲಿಲ್ಲ. ಉಳಿದವರನ್ನು ಒಂದಕ್ಕೊಂದು ಸಂಪರ್ಕವಿಲ್ಲದ ಎಂಟು ಲೋಕಗಳಾಗಿ ವಿಂಗಡಿಸಿ, ತಮ್ಮ ಲೋಕದಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡರೆಂಬ ಲೆಕ್ಕ ಕಾಣುವಂತೆ ಮಾಡಿದರು. ಹಾಡುಗಳು ಅವೇ. ಆದರೆ ಪ್ರತಿಯೊಂದು ಲೋಕದಲ್ಲೂ ಗೆದ್ದವು ಬೇರೆ ಬೇರೆ. ಇತರರ ಆಯ್ಕೆಯ ಅರಿವಿಲ್ಲದ ಗುಂಪಿನಲ್ಲಿ 26ನೆಯದಾಗಿದ್ದ ಹಾಡೊಂದು ಒಂದು ಲೋಕದಲ್ಲಿ ಒಂದನೆಯದು, ಇನ್ನೊಂದರಲ್ಲಿ 40ನೆಯದು! ತೀರ ಒಳ್ಳೆಯ ಹಾಡು ತಳಕ್ಕೆ ಬೀಳುವುದು ಅಪೂರ್ವ, ತೀರ ಕೆಟ್ಟದ್ದು ಮೇಲೇರುವುದೂ ಅಪೂರ್ವ. ನಡುವಿನವುಗಳ ಭವಿಷ್ಯ ಮೊದಲು ಕೈಹಾಕಿದ ಕೆಲವರ ಆಯ್ಕೆಯನ್ನು ಹೊಂದಿಕೊಂಡಿತ್ತು.

ಕಳೆದ ಕೆಲವು ವರ್ಷಗಳಲ್ಲಿ ಮಕ್ಕಳ ಚೀಲಗಳಲ್ಲಿ ನೇತಾಡಿದ ಹಲ್ಲುಕಿರಿಯುವ ಲಬುಬು ಗೊಂಬೆಯನ್ನೇ ನೋಡಿ. ಕಾಸಿಂಗ್ ಲಂಗ್ ಎಂಬ ಚಿತ್ರಕಾರರು ಅದನ್ನು ಬರೆದದ್ದು 2015ರಲ್ಲಿ. 2024ರಲ್ಲಿ ಕೊರಿಯದ ಪ್ರಸಿದ್ಧ ತಂಡವೊಂದರ ಗಾಯಕಿ ಅದನ್ನು ಕೈಯಲ್ಲಿ ಹಿಡಿದ ಮೇಲೆ ಅದರ ಕೀರ್ತಿ ಮುಗಿಲಿಗೇರಿತು. ಗೊಂಬೆ ಅದೇ, ಹಲ್ಲೂ ಅವೇ. ಹೀಗಿರುವಾಗ ಮುಂದಿನ ಹೊಸತನ್ನು ಸರಿಯಾಗಿ ಹೇಳಿದ ಹುಡುಗನ ಜಾಣ್ಮೆ, ಬರುವ ತಿಂಗಳ ಅಡಿಕೆ ಧಾರಣೆಯನ್ನು ಸರಿಯಾಗಿ ಹೇಳಿದ ನೆರೆಮನೆಯವರ ಜಾಣ್ಮೆಯಂಥದ್ದು. ಅವರು ತಪ್ಪು ಹೇಳಿದ ತಿಂಗಳುಗಳನ್ನು ಯಾರೂ ಎಣಿಸುವುದಿಲ್ಲ. ಆದರೆ ಹದಿನಾಲ್ಕರ ಹುಡುಗ ತಾನು ಹೇಳಿದ್ದು ತಪ್ಪಾದ ದಿನ ಅದನ್ನು ಅದೃಷ್ಟವೆಂದು ಭಾವಿಸುವುದಿಲ್ಲ, ತನ್ನ ಯೋಗ್ಯತೆಯೇ ಅಷ್ಟೆಂದು ಭಾವಿಸುತ್ತಾನೆ. ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿದ ಸಂಗತಿ ಇದು. ನೂರು ಮಂದಿ ನೋಡಬೇಕಾಗಿದ್ದಲ್ಲಿ ಹದಿನೆಂಟು ಮಂದಿ ನೋಡಿದರೆಂದು ಮಂಕಾಗಿ ಕುಳಿತ ಮಗುವಿಗೆ ಗಣಿತ ಹೇಳಿಕೊಡುವ ಕಷ್ಟವನ್ನು ಅಧ್ಯಾಪಕರು ಬಲ್ಲರು.

ಈ ಪಂದ್ಯಕ್ಕೆ ಇನ್ನೊಂದು ಮುಖವಿದೆ. ಅದು ಈ ಪತ್ರಿಕೆಯ ವಾಚಕರಿಗೆ ಹತ್ತಿರದ್ದು. ಮೊದಲಿಗನಾಗಬೇಕಾದರೆ ಗುಂಪು ಬೇಕು, ಗುಂಪು ದೊಡ್ಡದಿದ್ದಷ್ಟೂ ಲಾಭ. ನಮ್ಮ ಹುಡುಗಿಯೊಬ್ಬಳು ತನ್ನ ಮನೆಯಂಗಳದಲ್ಲಿ ತೆಗೆದ ರೀಲಿಗೆ ಎರಡು ಸಾಲು ಬರೆಯುವಾಗ, ಕನ್ನಡದಲ್ಲಿ ಬರೆದರೆ ಇಷ್ಟು ಮಂದಿ, ಮಲಯಾಳದಲ್ಲಿ ಬರೆದರೆ ಅಷ್ಟು ಮಂದಿ, ಇಂಗ್ಲಿಷಿನಲ್ಲಿ ಬರೆದರೆ ಇನ್ನೂ ಹೆಚ್ಚು ಎಂದು ಲೆಕ್ಕ ಹಾಕುತ್ತಾಳೆ. ಯಾರೂ ಅವಳನ್ನು ಒತ್ತಾಯಿಸಿಲ್ಲ, ಯಾವ ಆಜ್ಞೆಯೂ ಹೊರಟಿಲ್ಲ. ಲೆಕ್ಕವೇ ಒತ್ತಾಯಿಸುತ್ತದೆ. ಇದರಲ್ಲಿ ಮಲಯಾಳವನ್ನು ದೂರುವುದು ತಕ್ಕದ್ದಲ್ಲ. ಅವರ ಮಕ್ಕಳೂ ಇದೇ ಲೆಕ್ಕದಿಂದ ಕೊರಿಯದ ಹಾಡಿಗೂ ಇಂಗ್ಲಿಷಿನ ಮಾತಿಗೂ ಹೋಗುತ್ತಿದ್ದಾರೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುತ್ತ ಬೆಳೆದ ನಮ್ಮ ಮಕ್ಕಳು ಒಂದು ಭಾಷೆಯ ಹೊಸತನ್ನು ಇನ್ನೊಂದಕ್ಕೆ ಸಾಗಿಸುವುದರಲ್ಲಿ ಇತರರಿಗಿಂತ ಚುರುಕು. ತುಳು ಹಾಸ್ಯದ ತುಣುಕಿಗೆ ಮಲಯಾಳ ಹಾಡು ಜೋಡಿಸುವ ಕೈಚಳಕವನ್ನು ನಾವು ಮೆಚ್ಚಿಕೊಂಡಿದ್ದೇವೆ. ಆದರೆ ಸಾಗಣೆ ಒಂದೇ ದಿಕ್ಕಿನಲ್ಲಿ, ಸಣ್ಣದರಿಂದ ದೊಡ್ಡದಕ್ಕೆ ಮಾತ್ರ ನಡೆಯುವುದನ್ನೂ ಕಾಣುತ್ತಿದ್ದೇವೆ. ಅಜ್ಜಿಯ ಬಾಯಿಯ ಒಂದು ಮಾತು ಎಷ್ಟು ಚೆಂದವೆಂದು ತಿಳಿಯುವ ಕಿವಿ ಆ ಹುಡುಗಿಗಿದೆ. ಅದಕ್ಕೆ ಬಾಣದ ಗುರುತು ಮೂಡುವುದಿಲ್ಲವೆಂದು ಅವಳು ಅದನ್ನು ಬಿಟ್ಟುಬಿಡುತ್ತಾಳೆ.

ಹಾಗಾದರೆ ಎಲ್ಲವನ್ನೂ ನಿಷೇಧಿಸಬೇಕೇ? ಆಸ್ಟ್ರೇಲಿಯ ಆ ದಾರಿ ಹಿಡಿದಿದೆ. ಹದಿನಾರು ತುಂಬದವರು ಇಂತಹ ತಾಣಗಳಲ್ಲಿ ಖಾತೆ ಹೊಂದದಂತೆ ಕಂಪೆನಿಗಳೇ ನೋಡಿಕೊಳ್ಳಬೇಕೆಂಬ ಕಾನೂನು ಅಲ್ಲಿ 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿದೆ. ನಮ್ಮಲ್ಲಿ ಟಿಕ್‌ಟಾಕನ್ನು 2020ರ ಜೂನ್ 29ರಂದು ನಿಷೇಧಿಸಿದರು, ಕಾರಣ ಬೇರೆಯದು. ಎರಡು ವಾರ ಕಳೆಯುವುದರೊಳಗೆ ಇನ್‌ಸ್ಟಾಗ್ರಾಂ ಇಲ್ಲಿ ರೀಲುಗಳನ್ನು ಆರಂಭಿಸಿತು. ಮಕ್ಕಳು ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ ಹೋಗಿ ಕುಳಿತರು. ನಿಷೇಧದಲ್ಲಿ ನಮಗೆ ಅಷ್ಟೇನೂ ನಂಬಿಕೆಯಿಲ್ಲ. ಹೊಸತನ್ನು ಕಾಣುವ ಚುರುಕು ಮಕ್ಕಳ ಪ್ರಾಯಕ್ಕೆ ಸಹಜವಾದದ್ದು, ಅದನ್ನು ದೋಷವೆಂದು ಹಳಿಯಲು ನಾವು ಸಿದ್ಧರಿಲ್ಲ. ಆ ಚುರುಕು ಯಾರ ಹುಂಡಿಗೆ ಬೀಳುತ್ತಿದೆ ಎಂದು ಕೇಳುವ ಹಕ್ಕು ಹೆತ್ತವರಿಗಿದೆ.

ಕೇಳಲು ಕಾನೂನಿನ ಬಲವೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು. ಅವರ ವಿವರಗಳನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕು. ಅವರ ನಡವಳಿಕೆಯನ್ನು ಬೆನ್ನುಹತ್ತಿ ದಾಖಲಿಸುವುದನ್ನೂ, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಕಾಯಿದೆಯ 9ನೆಯ ಸೆಕ್ಷನ್ ತಡೆಯುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟುಪಾಡುಗಳಿಗೆ ಕಂಪೆನಿಗಳಿಗೆ ಹದಿನೆಂಟು ತಿಂಗಳ ಅವಕಾಶ ಕೊಡಲಾಗಿದೆ. ಇನ್‌ಸ್ಟಾಗ್ರಾಂ ಕೂಡ 2025ರ ಫೆಬ್ರವರಿಯಿಂದ ಭಾರತದಲ್ಲಿ ಹದಿಹರೆಯದವರಿಗೆ ಬೇರೆ ಬಗೆಯ ಖಾತೆಯನ್ನು ಆರಂಭಿಸಿದೆ. ಅದು ಅಪರಿಚಿತರಿಗೆ ಕಾಣದು, ಹದಿನಾರು ತುಂಬದವರು ಅದರ ಕಟ್ಟುಗಳನ್ನು ಹೆತ್ತವರ ಅನುಮತಿಯಿಲ್ಲದೆ ಸಡಿಲಿಸುವಂತಿಲ್ಲ.

ಆದರೆ ಈ ರಕ್ಷಣೆಗಳೆಲ್ಲ ನಿಂತಿರುವುದು ಹುಟ್ಟಿದ ವರ್ಷದ ಮೇಲೆ. ಎಂಟನೆಯ ತರಗತಿಯ ಹುಡುಗ ಖಾತೆ ತೆರೆಯುವಾಗ ತಾನು 2001ರಲ್ಲಿ ಹುಟ್ಟಿದವನೆಂದು ಬರೆದರೆ, ಇಲ್ಲವೇ ಅಪ್ಪನ ಖಾತೆಯಲ್ಲೇ ರೀಲು ನೋಡಿದರೆ, ಕಂಪೆನಿಯ ಲೆಕ್ಕದಲ್ಲಿ ಅವನು ದೊಡ್ಡವನು. ಹೀಗೆ ಬರೆಯಲು ಹೆತ್ತವರೇ ಸಹಾಯ ಮಾಡಿದ ಮನೆಗಳಿವೆ ಎಂದು ಹೇಳದೆ ನಿರ್ವಾಹವಿಲ್ಲ. ಇಂದು ಸಂಜೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಖಾತೆಯಲ್ಲಿರುವ ಹುಟ್ಟಿದ ವರ್ಷವನ್ನು ನೋಡುವುದಕ್ಕೆ ಐದು ನಿಮಿಷ ಸಾಕು. ಗದರಿಸಿ ನೋಡಬೇಕಾದ್ದಿಲ್ಲ. ಹೋದ ತಿಂಗಳು ನೀನು ಮೊದಲು ಕಂಡ ಹಾಡು ಈಗ ಎಲ್ಲಿದೆ, ಅದರಿಂದ ಯಾರಿಗೆ ಏನು ಬಂತು ಎಂದು ಕೇಳಿದರೆ ಮಕ್ಕಳು ತಾವಾಗಿ ಬಹಳ ಹೇಳುತ್ತಾರೆ.

ಶಾಲೆಗಳಿಗೂ ಇದರಲ್ಲಿ ಕೆಲಸವಿದೆ. ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಸಮವಸ್ತ್ರ, ಬಸ್ಸಿನ ಸಮಯ, ಮಧ್ಯಾಹ್ನದ ಊಟಗಳ ಚರ್ಚೆಯಾದ ಮೇಲೆ ಈ ವಿಷಯಕ್ಕೆ ಅರ್ಧ ಗಂಟೆ ಮೀಸಲಿಡಬಹುದು. 2018ರಿಂದ ನಮ್ಮ ಪ್ರೌಢಶಾಲೆಗಳಲ್ಲಿ 'ಲಿಟಲ್ ಕೈಟ್ಸ್' ಘಟಕಗಳಿವೆ. ಫೋನಿನ ಒಳಹೊರಗನ್ನು ಅಧ್ಯಾಪಕರಿಗಿಂತ ಚೆನ್ನಾಗಿ ಬಲ್ಲ ಆ ಮಕ್ಕಳೇ ಎದ್ದು ನಿಂತು, ಖಾತೆಯ ಕಟ್ಟುಗಳನ್ನು ಎಲ್ಲಿ ನೋಡಬೇಕು, ಹೇಗೆ ಬಿಗಿಗೊಳಿಸಬೇಕು ಎಂದು ಹೆತ್ತವರಿಗೆ ಕನ್ನಡದಲ್ಲಿ ತೋರಿಸಿಕೊಡಲಿ. ಹೊಸ ಅಧ್ಯಯನ ವರ್ಷದ ಮೊದಲ ಸಭೆಗೆ ಇನ್ನೂ ಸಮಯವಿದ್ದರೆ ಅಲ್ಲಿಯವರೆಗೆ ಕಾಯಬೇಕಾದ್ದಿಲ್ಲ. ಒಂದು ಶನಿವಾರ ಮಧ್ಯಾಹ್ನ ತರಗತಿವಾರು ಸಭೆ ಕರೆದರೂ ನಡೆಯುತ್ತದೆ.